ಕೇಳಿ, ಆಮೇಲೆ ಕಾಯಿರಿ



ನಮ್ಮ ಗುಂಡಗುರ್ತಿ ಕಡೆ ಭಜನೆಗೆ ಕೂತರೆ ಹಾರ್ಮೋನಿಯಂ, ತಬಲಾ, ತಾಳ. ನಮ್ಮ ಭಾಗದ ಚರ್ಚುಗಳ ಹಾಡಿಗೂ ಇವು ಹೊಸವಲ್ಲ. ಈಗ ಗಿಟಾರು, ಡ್ರಮ್ಮು ಕೂಡ ಬಂದಿವೆ. ಅವನ್ನು ನುಡಿಸುವ ಹುಡುಗ ಸಿಕ್ಕರೆ ನಾವು ಕೇಳುವುದು, "ಇದು ಭಕ್ತಿಯೋ, ಗದ್ದಲವೋ ತಮ್ಮಾ?"

ಪ್ರಶ್ನೆಯ ವೇಷದಲ್ಲಿ ತೀರ್ಪು ಕೊಟ್ಟುಬಿಟ್ಟೆವು.

1969ರಲ್ಲಿ ಅಮೆರಿಕದ ಲ್ಯಾರಿ ನಾರ್ಮನ್ ಯೇಸುವಿನ ಹಾಡುಗಳನ್ನು ರಾಕ್ ಧಾಟಿಯಲ್ಲಿ ಹಾಡಿದರು. ಅವರಿಗೂ ಇದೇ ಆಕ್ಷೇಪ ಎದುರಾಯಿತು. ಅದಕ್ಕೂ ನೂರು ವರ್ಷಕ್ಕಿಂತ ಹಿಂದೆ, 1862ರಲ್ಲಿ, ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಅವರು 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದಿದ್ದರು. ಜರ್ಮನಿಯಿಂದ ಬಂದ ಅವರು ಇಲ್ಲಿನ ಕಿವಿಗೆ ಒಗ್ಗುವ ಧಾಟಿ ಹುಡುಕಿದರು. ಇಂದಿನ ಹುಡುಗ ತನ್ನ ಓರಗೆಯವರ ಕಿವಿಗೆ ಒಗ್ಗುವುದನ್ನು ಹುಡುಕುತ್ತಾನೆ.

ಹಾಗಾಗಿ ತೀರ್ಪು ಬಿಟ್ಟು, ರೇಡಿಯೊ ಸಂದರ್ಶನಕ್ಕೆ ಕೂತ ಕಲಾವಿದರನ್ನು "ಈ ಧಾಟಿ ಎಲ್ಲಿ ಕಲಿತಿರಿ?" ಎಂದು ಕೇಳಿ ನೋಡಿ. ಅಜ್ಜಿಯ ಹಾಡು, ಮೊದಲ ವಾದ್ಯಕ್ಕೆ ಮಾಡಿದ ಸಾಲ, ಎಲ್ಲವೂ ಹೊರಬರುತ್ತದೆ. ಮಾತಿನ ನಡುವೆ ಅವರು ಸುಮ್ಮನಾದರೆ ನಾವೂ ಸುಮ್ಮನಿರಬೇಕು. ರೇಡಿಯೊದವರಿಗೆ ಮೌನವೆಂದರೆ ಭಯ, ಆ ಮಾತು ಬೇರೆ!

ಇವತ್ತು ಮನೆಯಲ್ಲಿ ಮಗ ಇಯರ್‌ಫೋನ್ ಹಾಕಿಕೊಂಡು ಕೂತಿದ್ದರೆ, ಏನು ಹಾಡು ಅದು ಎಂದು ಕೇಳಿ. ಅವನು ಹೇಳಿ ಮುಗಿಸುವ ತನಕ ಕಾಯಿರಿ.