ಹಾಲಿನಂತೆ ಬಿ.ಪಿ.ಯೂ ಅಳೆದರೇ ಗೊತ್ತು

(ಬೆಳ್ಳಿಹಬ್ಬದ ಆರೋಗ್ಯ ಶಿಬಿರದಲ್ಲಿ ವೈದ್ಯರ ತಂಡದ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ದಿನಕ್ಕೆರಡು ಹೊತ್ತು ಈ ಡೇರಿಗೆ ಹಾಲು ಹಾಕುತ್ತಾ ಬಂದವರು ನೀವು. ಕ್ಯಾನಿನಲ್ಲಿ ಎಲ್ಲರ ಹಾಲೂ ಬೆಳ್ಳಗೇ ಕಾಣುತ್ತದೆ. ಫ್ಯಾಟ್ ಎಷ್ಟು, ನೀರೆಷ್ಟು ಅನ್ನೋದು ಪರೀಕ್ಷೆ ಮಾಡಿದ ಮೇಲೆಯೇ ತಿಳಿಯುವುದು. ಬಿ.ಪಿ.ಯೂ ಹಾಗೆಯೇ, ಮುಖ ನೋಡಿ ಹೇಳಲಾಗದು. "ನಂಗೆ ಬಿ.ಪಿ. ಬರಿಸಬೇಡ ಕಣಯ್ಯ" ಅಂತ ಸಿಟ್ಟಿಗೇ ಆ ಹೆಸರು ಇಟ್ಟುಬಿಟ್ಟಿದ್ದೇವೆ. ಆದರೆ ಜನ್ಮದಲ್ಲಿ ದನಿ ಏರಿಸದ ಸಾಧು ಮನುಷ್ಯರಿಗೂ ಅದು ಇರುತ್ತದೆ. ತಲೆನೋವು, ತಲೆಸುತ್ತು ಬಂದೇ ತೀರಬೇಕೆಂದಿಲ್ಲ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ.

ಹೃದಯ ರಕ್ತವನ್ನು ತಳ್ಳಿದಾಗ ರಕ್ತನಾಳದ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಅದು ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. 120/80ರ ಒಳಗಿದ್ದರೆ ಚೆನ್ನ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಅಧಿಕ ರಕ್ತದೊತ್ತಡ. ಎರಡರಲ್ಲಿ ಒಂದು ಅಂಕಿ ಏರಿದ್ದರೂ ಲೆಕ್ಕಕ್ಕೆ ಬಂತು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೆದುಳು, ಹೃದಯ, ಕಿಡ್ನಿ, ಕಣ್ಣು ಹಾಳಾಗುತ್ತವೆ.

ನಮಗೆ ಬಹಳ ಸಂಕಟವಾಗುವುದು, ಗೊತ್ತಿದ್ದೂ ಮಾತ್ರೆ ಬಿಡುವವರನ್ನು ಕಂಡಾಗ. "ನಾರ್ಮಲ್ ಆಯ್ತಲ್ಲ ಸಾರ್, ಇನ್ಯಾಕೆ ಮಾತ್ರೆ?" ಅಂತಾರೆ. ನಾರ್ಮಲ್ ಆಗಿದ್ದೇ ಮಾತ್ರೆಯಿಂದ! ನಮ್ಮಲ್ಲಿಗೆ ಬರುತ್ತಿದ್ದ ರೈತರೊಬ್ಬರಿಗೆ ಯಾರೋ "ತಿನ್ನಬೇಡ, ಅಭ್ಯಾಸ ಆಗ್ತದೆ" ಅಂದರಂತೆ. ಎರಡು ತಿಂಗಳಿಗೇ ಬಿಟ್ಟರು. ಮರುವರ್ಷ ಒಂದು ಬೆಳಗಿನ ಜಾವ ಹಾಲು ಕರೆಯುತ್ತಿದ್ದಾಗಲೇ ಬಾಯಿ ಸೊಟ್ಟಗಾಗಿ ಬಲಗೈ ಸೋತುಹೋಯಿತು. ಎಣ್ಣೆ ತಿಕ್ಕಿಸಲು ಎರಡು ದಿನ ಓಡಾಡಿ, ಮೂರನೆಯ ದಿನ ಆಸ್ಪತ್ರೆಗೆ ಕರೆತಂದರು. ಜೀವ ಉಳಿಯಿತು, ಕೈ ಬರಲಿಲ್ಲ. ನಾಲ್ಕು ಹಸು ಇದ್ದ ಮನೆಯಲ್ಲಿ ಈಗ ಒಂದಿದೆ, ಅದನ್ನೂ ಹೆಂಡತಿಯೇ ಕರೆಯಬೇಕು.

ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಇರುವ ದೊಡ್ಡಾಸ್ಪತ್ರೆಗೆ ಸೇರಿಸಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು.

ಇನ್ನು ಉಪ್ಪಿನ ವಿಚಾರ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ನಿಮ್ಮ ಮನೆಗೆ ಎಷ್ಟು ಪ್ಯಾಕೆಟ್ ಬರುತ್ತೆ, ಅಕ್ಕಂದಿರೇ ಲೆಕ್ಕ ಹಾಕಿ. (ಹಸುವಿಗೆ ಹಾಕಿದ್ದನ್ನು ಕಳೆಯಿರಿ!) ಉಪ್ಪಿನಕಾಯಿ, ಹಪ್ಪಳ, ಒಣಮೀನಿನಲ್ಲಿರುವುದೂ ಸೇರುತ್ತದೆ. ಹರಳುಪ್ಪಾದರೆ ಏನೂ ಆಗಲ್ಲ ಅನ್ನೋದು ಸುಳ್ಳು. ಬೀಡಿ, ಹೊಗೆಸೊಪ್ಪು, ಕುಡಿತ ಬಿಡಬೇಕು, ಇದು ನಿಮಗೆ ಹೊಸದಲ್ಲ. ಆದರೆ ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳಲ್ಲಿ ಹಲವು ಬಿ.ಪಿ. ಏರಿಸುತ್ತವೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ದಿನಾ ತಿನ್ನುವವರು ವೈದ್ಯರಿಗೆ ತಿಳಿಸಿ. ಬಿ.ಪಿ. ಮಾತ್ರೆಯಿಂದ ಕಾಲು ಊದಿದರೆ, ಕೆಮ್ಮು ಬಂದರೆ ನೀವೇ ಬಿಡಬೇಡಿ. ಬಂದು ಹೇಳಿ, ಬೇರೆ ಮಾತ್ರೆ ಇದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದಾಟಿದವರಿಗೆ ತಪಾಸಣೆ ಉಚಿತ, ಮಾತ್ರೆಗೂ ಕಾಸಿಲ್ಲ.

ಊಟಕ್ಕೆ ಇನ್ನೂ ಹೊತ್ತಿದೆ. ಹಾಲು ಪರೀಕ್ಷೆಯ ಕೋಣೆ ಪಕ್ಕ ಮೇಜು ಹಾಕಿದ್ದೇವೆ. ಈಗತಾನೆ ಕಾಫಿ ಕುಡಿದವರು, ಬೀಡಿ ಸೇದಿದವರು ಅರ್ಧ ಗಂಟೆ ಬಿಟ್ಟು ಬನ್ನಿ. ಐದು ನಿಮಿಷ ಕುರ್ಚಿಗೆ ಬೆನ್ನು ಕೊಟ್ಟು ಸುಮ್ಮನೆ ಕೂರಬೇಕು. ಪಟ್ಟಿ ಕಟ್ಟುವಾಗ ಚುನಾವಣೆ ಮಾತು ಬೇಡ. ಅಧ್ಯಕ್ಷರು ಮೊದಲು ಬಂದು ತೋಳು ಚಾಚಬೇಕೆಂದು ನಮ್ಮ ಕೋರಿಕೆ.