ಹಡಗಿನ ಪ್ರವಾಸ: ಕೆಲವು ವ್ಯಾವಹಾರಿಕ ಮಾತುಗಳು

(ಸಂಘದ ಮಾಸಿಕ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ವಾಗ್ಮಿಯೂ ಅಲ್ಲ. ಬಿ.ಕಾಂ. ಪಾಸು ಮಾಡಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪರರ ಹಣವನ್ನು ಎಣಿಸುತ್ತಿರತಕ್ಕ ಒಬ್ಬ ಗುಮಾಸ್ತ. ಕುಟುಂಬಸಮೇತನಾಗಿ ಎರಡು ಸಲ ಹಡಗಿನಲ್ಲಿ ಹೋಗಿಬಂದೆನೆಂಬ ಒಂದೇ ಅರ್ಹತೆಯ ಮೇಲೆ ಕಾರ್ಯದರ್ಶಿಗಳು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಆದುದರಿಂದ ಸಮುದ್ರದ ವರ್ಣನೆಯನ್ನು ಕವಿಗಳಿಗೆ ಬಿಟ್ಟು, ಹಣ, ಟಿಕೀಟು, ಊಟ, ಔಷಧ ಇವುಗಳ ವಿಚಾರವನ್ನಷ್ಟೇ ಹೇಳಲು ಅಪ್ಪಣೆ ಬೇಡುತ್ತೇನೆ.

ಹಡಗಿನ ಪ್ರವಾಸ ನಮಗೆ ಹೊಸತೆಂದು ಯಾರೂ ತಿಳಿಯಬೇಕಾಗಿಲ್ಲ. ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರಗಳ ಜನ ಹಿಂದೆ ಮುಂಬಯಿಗೆ ಬಂದದ್ದು ಆಗಬೋಟಿನಲ್ಲಿಯೇ. ಹೊಳೆಗಳಿಗೆ ಸೇತುವೆಗಳಿರಲಿಲ್ಲ, ಕೊಂಕಣ ರೈಲ್ವೆ ಇರಲಿಲ್ಲ. ಡೆಕ್ಕಿನ ಟಿಕೀಟು ಕೊಂಡು, ಚಾಪೆ ಹಾಸಿಕೊಂಡು, ಬುತ್ತಿಯ ಗಂಟನ್ನು ತಲೆಯ ಕೆಳಗಿಟ್ಟುಕೊಂಡು ಬಂದ ಹುಡುಗರು ಈ ನಗರದ ಖಾನಾವಳಿಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಮನೆ ಕಟ್ಟಿದರು. ನನ್ನ ಅಜ್ಜನೂ ಅವರಲ್ಲೊಬ್ಬ. ಅವರೆಲ್ಲ ಹೊಟ್ಟೆಪಾಡಿಗಾಗಿ ಸಮುದ್ರ ದಾಟಿದರು. ಸಂತೋಷಕ್ಕಾಗಿ ದಾಟಲು ಅವರಿಗೆ ಪುರುಸೊತ್ತಾಗಲಿಲ್ಲ. ಇಂದು ಮಕ್ಕಳು ಮೊಮ್ಮಕ್ಕಳಾದ ನಮಗೆ ಆ ಅನುಕೂಲವಿದೆ. ಆದರೆ ಅದಕ್ಕೆ ಹಾಕುವ ಹಣ ಮಾತ್ರ ಅವರಷ್ಟೇ ಕಷ್ಟಪಟ್ಟು ಗಳಿಸಿದ್ದು. ಆದ್ದರಿಂದ ಜಾಗ್ರತೆ ಬೇಕು.

ಮುಂಬಯಿಯಿಂದ ಹೊರಡುವ ಪ್ರವಾಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ 'ಎಂಪ್ರೆಸ್' ಎಂಬ ಹಡಗು ಇಲ್ಲಿಂದ ಸಂಚಾರ ಪ್ರಾರಂಭಿಸಿತು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಉದ್ದ ಸುಮಾರು 210 ಮೀಟರು. ಗೋವೆ, ಕೊಚ್ಚಿ, ಲಕ್ಷದ್ವೀಪ ಮುಂತಾದ ಕಡೆಗೆ ಎರಡು ರಾತ್ರಿಯಿಂದ ಐದು ರಾತ್ರಿಯವರೆಗಿನ ಪ್ರವಾಸಗಳನ್ನು ಏರ್ಪಡಿಸಿದೆ. 2025ರಲ್ಲಿ ಮುಂಬಯಿ ಬಂದರಿನಲ್ಲಿ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ಲಿನ ಉದ್ಘಾಟನೆಯೂ ಆಯಿತು. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಮೊದಲ ಸಲ ಹೋಗುವವರು ನವೆಂಬರಿನಿಂದ ಮಾರ್ಚಿಯೊಳಗೆ ಹೋಗುವುದು ಲೇಸು. ದೀಪಾವಳಿ, ಕ್ರಿಸ್ಮಸ್ ರಜೆಗಳಲ್ಲಿ ದರ ಏರುತ್ತದೆ. ಮಕ್ಕಳ ಶಾಲೆಯ ಅಡ್ಡಿಯಿಲ್ಲದವರು ವಾರದ ನಡುವಣ ದಿನಗಳನ್ನು ಹಿಡಿಯಬಹುದು.

ಈಗ ಲೆಕ್ಕಕ್ಕೆ ಬರೋಣ. ಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುವ ದರ ಸಾಮಾನ್ಯವಾಗಿ ಒಬ್ಬರದು; ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದಾಗಿನ ದರ. ಅದರ ಮೇಲೆ ಬಂದರಿನ ಶುಲ್ಕ, ಸೇವಕರ ಭಕ್ಷೀಸು, ಜಿ.ಎಸ್.ಟಿ. ಇವು ಸೇರುತ್ತವೆ. ಒಬ್ಬನೇ ಒಂದು ಕೋಣೆ ಹಿಡಿದರೆ ಹೆಚ್ಚುಕಡಿಮೆ ಇಬ್ಬರ ದರವನ್ನೇ ತೆರಬೇಕಾಗುವುದುಂಟು. ಅದೇ ಕೋಣೆಯಲ್ಲಿ ಮೂರನೆಯ, ನಾಲ್ಕನೆಯ ವ್ಯಕ್ತಿ ಸೇರಿದರೆ ಅವರಿಗೆ ದರ ಕಡಿಮೆ. ಆದುದರಿಂದ ಏಜೆಂಟರನ್ನು ಕೇಳತಕ್ಕ ಪ್ರಶ್ನೆ 'ದರ ಎಷ್ಟು?' ಎಂಬುದಲ್ಲ, 'ನಾವು ನಾಲ್ವರು ಹತ್ತಿ ಇಳಿಯುವವರೆಗೆ ಎಲ್ಲ ಸೇರಿ ಎಷ್ಟು?' ಎಂಬುದು. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಲೆಕ್ಕಕ್ಕಾಗಿ ನಾಲ್ವರ ಕುಟುಂಬಕ್ಕೆ ಜಾಹೀರಾತಿನ ದರ 80,000 ರೂಪಾಯಿ ಎಂದಿಟ್ಟುಕೊಳ್ಳಿ. ತೆರಿಗೆ, ಶುಲ್ಕ, ದಡದ ಮೇಲಿನ ತಿರುಗಾಟ, ಟ್ಯಾಕ್ಸಿ ಇವಕ್ಕೆಲ್ಲ ನಾನು ಮೂರರಲ್ಲೊಂದು ಪಾಲು ಹೆಚ್ಚಿಗೆ ತೆಗೆದಿಡುತ್ತೇನೆ. ಒಟ್ಟು ಸುಮಾರು 1,07,000 ಆಯಿತು. ತಿಂಗಳಿಗೆ 9,000ದಂತೆ ಹನ್ನೆರಡು ತಿಂಗಳ ರಿಕರಿಂಗ್ ಡಿಪಾಜಿಟ್ ಮಾಡಿದರೆ 1,08,000 ಕೂಡುತ್ತದೆ, ಬಡ್ಡಿ ಬೇರೆ. ಅಷ್ಟು ಆಗದವರು ಎರಡು ವರ್ಷ ಕೂಡಿಸಲಿ, ಇಲ್ಲವೆ ಎರಡು ರಾತ್ರಿಯ ಚಿಕ್ಕ ಪ್ರವಾಸ ಹಿಡಿಯಲಿ. ಪರ್ಸನಲ್ ಲೋನ್ ತೆಗೆದು ಹಡಗು ಹತ್ತಬೇಡಿರೆಂದು ಮಾತ್ರ ಕೈಮುಗಿದು ಹೇಳುತ್ತೇನೆ. ಸಾಲ ಕೊಡುವ ಸಂಸ್ಥೆಯ ಗುಮಾಸ್ತನೇ ಹೀಗೆ ಹೇಳುವುದು ವಿಚಿತ್ರವಾಗಿ ತೋರಬಹುದು. ಆದರೆ ಮೂರು ದಿನದ ಸಂತೋಷಕ್ಕೆ ಮೂರು ವರ್ಷ ಕಂತು ಕಟ್ಟುವವರ ಮುಖವನ್ನು ಕೌಂಟರಿನ ಈಚೆಯಿಂದ ನಾನು ದಿನವೂ ನೋಡುತ್ತಿದ್ದೇನೆ.

ಇನ್ನು ಮೋಸದ ವಿಷಯ. ನಮ್ಮ ಶಾಖೆಗೆ ಬರುವ ಒಬ್ಬ ನಿವೃತ್ತ ಉಪಾಧ್ಯಾಯರು ಒಂದು ದಿನ ದೊಡ್ಡ ಮೊತ್ತದ ರವಾನೆಯ ಫಾರಮು ತಂದರು. 'ಅರ್ಧ ದರಕ್ಕೆ ಹಡಗಿನ ಟಿಕೀಟು, ಇಂದು ಸಂಜೆಯೊಳಗೆ ಕಟ್ಟಬೇಕು' ಎಂದು ಫೋನಿನಲ್ಲಿ ಯಾರೋ ಹೇಳಿದ್ದರಂತೆ. ಫಾರಮಿನಲ್ಲಿದ್ದುದು ಕಂಪನಿಯ ಹೆಸರಲ್ಲ, ಯಾವನೋ ಒಬ್ಬನ ಸ್ವಂತ ಉಳಿತಾಯ ಖಾತೆ. 'ಸರ್, ಒಂದು ರಾತ್ರಿ ತಡೆಯಿರಿ. ನಾಳೆ ಹಡಗಿನ ಕಂಪನಿಗೇ ಫೋನು ಮಾಡಿ ಕೇಳೋಣ' ಎಂದೆ. ಮರುದಿನ ಕೇಳಿದಾಗ ಅಂಥ ಏಜೆಂಟನೇ ಇಲ್ಲವೆಂದು ತಿಳಿಯಿತು. ಅದು ಅವರ ಪತ್ನಿಯ ಅರವತ್ತನೆಯ ಹುಟ್ಟುಹಬ್ಬಕ್ಕಾಗಿ ಕೂಡಿಟ್ಟ ಹಣ. ಎಲ್ಲರಿಗೂ ಹೀಗೆ ಒಂದು ರಾತ್ರಿಯ ಅವಕಾಶ ಸಿಕ್ಕುವುದಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಆದ್ದರಿಂದ ಹಣವನ್ನು ಕಂಪನಿಯ ಹೆಸರಿನ ಖಾತೆಗೇ ಕಟ್ಟಿರಿ. ಎನ್.ಇ.ಎಫ್.ಟಿ., ಆರ್.ಟಿ.ಜಿ.ಎಸ್. ಮೂಲಕ ಕಳಿಸುವ ಮೊದಲು ಖಾತೆದಾರನ ಹೆಸರನ್ನು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು, ಅದನ್ನು ಬಳಸಿರಿ. ಬುಕಿಂಗ್ ನಂಬರು ಬಂದೊಡನೆ ಹಡಗಿನ ಕಂಪನಿಯಲ್ಲಿಯೇ ವಿಚಾರಿಸಿ, ನಿಮ್ಮ ಹೆಸರು ದಾಖಲಾಗಿದೆಯೇ ಎಂದು ಖಾತ್ರಿಪಡಿಸಿಕೊಳ್ಳಿ. ಅಕಸ್ಮಾತ್ ಮೋಸ ಹೋದರೆ ನಾಚಿಕೊಂಡು ಕೂಡ್ರದೆ ಆ ಕ್ಷಣವೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿರಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಟಿಕೀಟನ್ನು ರದ್ದುಮಾಡುವ ನಿಯಮವನ್ನು ಓದದೆ ರುಜು ಹಾಕಬಾರದು. ಹೊರಡುವ ದಿನ ಹತ್ತಿರವಾದಂತೆ ಕಡಿತ ಏರುತ್ತ ಹೋಗಿ, ಕೊನೆಗೆ ಏನೂ ಮರಳುವುದಿಲ್ಲ. ಹವೆಯ ಕಾರಣದಿಂದ ಒಂದು ಬಂದರನ್ನು ಬಿಟ್ಟು ಮುಂದೆ ಹೋಗುವ ಅಧಿಕಾರ ಕಪ್ತಾನನಿಗಿದೆ. ಅದಕ್ಕಾಗಿ ಪೂರ್ತಿ ಹಣ ಮರಳಿ ಬರುವುದೆಂದು ನಿರೀಕ್ಷಿಸಬೇಡಿ.

ಕೋಣೆಯ ಆಯ್ಕೆಯ ಬಗ್ಗೆ ಎರಡು ಮಾತು. ಒಳಕೋಣೆಗೆ ಕಿಟಕಿಯಿಲ್ಲ, ದರ ಕಡಿಮೆ. ಹೊರಕೋಣೆಗೆ ಗಾಜಿನ ಕಿಟಕಿ ಉಂಟು. ಬಾಲ್ಕನಿಯುಳ್ಳದ್ದಕ್ಕೆ ದರ ಜಾಸ್ತಿ. ಮಲಗಲಿಕ್ಕಷ್ಟೇ ಕೋಣೆಗೆ ಬರುವವರಿಗೆ ಒಳಕೋಣೆ ಸಾಕು. ಕಡಲು ಡೆಕ್ಕಿನ ಮೇಲೆ ಎಲ್ಲರಿಗೂ ಸಮಾನ. ಆದರೆ ವಯಸ್ಸಾದವರಿಗೆ ಕಿಟಕಿಯಿಲ್ಲದ ಕೋಣೆ ಉಸಿರುಕಟ್ಟಿದಂತೆ ತೋರಬಹುದು. ಹೊತ್ತು ಮೂಡಿದ್ದು ಮುಳುಗಿದ್ದು ತಿಳಿಯುವುದಿಲ್ಲ. ತಂದೆತಾಯಿಗೆ ಕಿಟಕಿಯ ಕೋಣೆ ಕೊಟ್ಟು ನಾವು ಒಳಗೆ ಮಲಗೋಣ. ಓಕರಿಕೆಯ ಅಂಜಿಕೆಯಿದ್ದವರು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ಕೋಣೆಯನ್ನು ಕೇಳಬೇಕು. ತಕ್ಕಡಿಯ ನಡುಮುಳ್ಳಿನಂತೆ ಅಲ್ಲಿ ತೂಗಾಟ ಕಡಿಮೆ. ಮಾತ್ರೆ ಬೇಕಾದವರು ಹೊರಡುವ ಮೊದಲೇ ತಮ್ಮ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಲಿ. ತಲೆ ತಿರುಗಿದ ಮೇಲೆ ನುಂಗಿದರೆ ಗುಣ ಕಡಿಮೆ. ಹೊಟ್ಟೆ ತೀರ ಬರಿದಾಗಿಯೂ ಇರಬಾರದು, ಬಿರಿಯಲೂಬಾರದು. ಡೆಕ್ಕಿಗೆ ಬಂದು ದೂರದ ದಿಗಂತವನ್ನು ನೋಡುವುದು ಎಲ್ಲಕ್ಕಿಂತ ಸುಲಭವಾದ ಚಿಕಿತ್ಸೆ.

ಸ್ವದೇಶದ ಪ್ರವಾಸಕ್ಕೂ ಸರಕಾರದ ಗುರುತಿನ ಪತ್ರ ಎಲ್ಲರಿಗೂ ಬೇಕು, ಮಕ್ಕಳಿಗೂ ಬೇಕು. ಟಿಕೀಟಿನಲ್ಲಿರುವ ಹೆಸರೂ ಗುರುತಿನ ಪತ್ರದ ಹೆಸರೂ ಅಕ್ಷರಶಃ ಒಂದೇ ಇರಲಿ. ತಂದೆಯ ಹೆಸರು, ಊರಿನ ಹೆಸರು, ಮನೆತನದ ಹೆಸರು ಹಿಂದುಮುಂದಾಗುವುದು ನಮ್ಮಲ್ಲಿ ಸಾಮಾನ್ಯ. ಆರು ತಿಂಗಳು ತುಂಬದ ಕೂಸುಗಳನ್ನೂ, 24 ವಾರ ತುಂಬಿದ ಗರ್ಭಿಣಿಯರನ್ನೂ ಹಡಗಿನವರು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ದೊಡ್ಡ ಪೆಟ್ಟಿಗೆಗಳನ್ನು ಧಕ್ಕೆಯಲ್ಲಿಯೇ ಒಪ್ಪಿಸಬೇಕಾಗುತ್ತದೆ. ಅವು ಕೋಣೆಯ ಬಾಗಿಲಿಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ. ಆದುದರಿಂದ ಔಷಧ, ಕನ್ನಡಕ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ, ಕೆಟಲ್ಲುಗಳನ್ನು ಒಯ್ಯಬಾರದು. ನಡುಗಡಲಲ್ಲಿ ಬೆಂಕಿಯಷ್ಟು ಭಯಂಕರವಾದುದು ಮತ್ತೊಂದಿಲ್ಲ.

ಹಡಗು ಹತ್ತಿದ ದಿನ ಎಲ್ಲರಿಗೂ ಒಂದು ಕವಾಯತು ಇರುತ್ತದೆ. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂದು ಕಲಿಸುತ್ತಾರೆ. ನಮ್ಮವರು ಅನೇಕರು ಆ ಹೊತ್ತಿಗೆ ಫೋಟೋ ತೆಗೆಯುತ್ತ ನಿಲ್ಲುತ್ತಾರೆ. 1947ರ ಜುಲೈ 17ರಂದು ಇದೇ ಮುಂಬಯಿಯಿಂದ ರೇವಸಕ್ಕೆ ಹೊರಟ 'ರಾಮದಾಸ' ಆಗಬೋಟು ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ತಗುಲಿದಾಗ 32 ಜನ ಸತ್ತರು. ಅಂದು ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆಗ ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕೆಂದು ನಿಯಮವಿತ್ತು. 2015ರಿಂದ ಹೊರಡುವ ಮೊದಲು ಅಥವಾ ಹೊರಟೊಡನೆ ಮಾಡಲೇಬೇಕೆಂದಾಯಿತು. ಅರ್ಧ ಗಂಟೆ ಕೊಟ್ಟು ಕಲಿಯೋಣ. ಮೊಮ್ಮಕ್ಕಳಿಗೆ ದಾರಿ ತೋರಿಸುವುದನ್ನು ಅಜ್ಜ ಅಜ್ಜಿಯರಿಗೇ ಒಪ್ಪಿಸಿರಿ, ಇಬ್ಬರಿಗೂ ನೆನಪಿರುತ್ತದೆ.

ಊಟದ ಚಿಂತೆ ಬೇಡ. ಇಲ್ಲಿಂದ ಹೊರಡುವ ಹಡಗಿನಲ್ಲಿ ಶಾಕಾಹಾರ ಧಾರಾಳವಾಗಿ ಸಿಕ್ಕುತ್ತದೆ. ಈರುಳ್ಳಿ ಬೆಳ್ಳುಳ್ಳಿ ಒಲ್ಲದವರು ಬುಕಿಂಗ್ ಮಾಡುವಾಗಲೇ ಜೈನ ಊಟವನ್ನು ಬರೆಸಿಡಬೇಕು. ನಮ್ಮ ತಾಯಿ ಮೊದಲ ದಿನ ಚಕ್ಕುಲಿ ಅವಲಕ್ಕಿಯನ್ನೇ ನಂಬಿ ಕುಳಿತವರು, ಮರುದಿನ ಬೆಳಗ್ಗೆ ಇಡ್ಲಿಯ ಸಾಲಿನಲ್ಲಿ ನಮಗಿಂತ ಮುಂದೆ ನಿಂತಿದ್ದರು. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದನ್ನು ಮಾತ್ರ ಬಿಡಬಾರದು. ಸಾವಿರಾರು ಜನ ಒಂದೇ ಕಡೆ ಉಣ್ಣುವಲ್ಲಿ ವಾಂತಿಭೇದಿ ಬೇಗ ಹರಡುತ್ತದೆ. ಪಾನೀಯ, ಫೋಟೋ, ಇಂಟರ್‌ನೆಟ್ ಇವಕ್ಕೆಲ್ಲ ಬೇರೆ ಹಣ. ಕೋಣೆಯ ಕೀಲಿಯಾದ ಕಾರ್ಡಿನ ಮೇಲೆಯೇ ಖರ್ಚು ಬರೆದುಕೊಳ್ಳುತ್ತಾರೆ. ಕೈಯಿಂದ ನೋಟು ಹೋಗುವುದಿಲ್ಲವಾದ್ದರಿಂದ ಹಣ ಹೋದದ್ದೇ ತಿಳಿಯುವುದಿಲ್ಲ. ಪ್ರತಿ ರಾತ್ರಿ ಲೆಕ್ಕ ಕೇಳಿ ನೋಡಿರಿ. ಜೂಜಿನ ಕೋಣೆಯೂ ಉಂಟು. ಅದರ ಬಾಗಿಲನ್ನು ಹೊರಗಿನಿಂದ ನೋಡುವುದು ಪುಕ್ಕಟೆ.

ಲಕ್ಷದ್ವೀಪಕ್ಕೆ ಹೋಗಲು ಅನುಮತಿ ಪತ್ರ ಬೇಕು. ಬೇಕಾದ ಕಾಗದಗಳನ್ನು ಹಡಗಿನ ಕಂಪನಿಗೆ ಮೊದಲೇ ಕೊಡಬೇಕು. ಅಲ್ಲಿ ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಮೊಣಕಾಲು ನೋವಿನವರು ಇದನ್ನು ಮೊದಲೇ ತಿಳಿದಿರಬೇಕು. ಹವಳದ ತುಂಡನ್ನು ಹೆಕ್ಕಿ ತರುವುದು ಅಪರಾಧ. ದಡಕ್ಕೆ ಇಳಿದಲ್ಲೆಲ್ಲ ಹಡಗಿನ ಗಡಿಯಾರದ ಪ್ರಕಾರ ಮರಳಿರಿ. ಸ್ವಂತವಾಗಿ ಸುತ್ತಲು ಹೋಗಿ ತಡಮಾಡಿದವರಿಗಾಗಿ ಹಡಗು ಕಾಯುವುದಿಲ್ಲ.

ರಾಜ್ಯೋತ್ಸವದ ಸಂದರ್ಭದಲ್ಲಿ ಇಲ್ಲಿ ಒಂದು ಮಾತು ಜ್ಞಾಪಿಸುವುದು ಉಚಿತ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದೀವಿ ದ್ವೀಪಗಳು ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ನಾರು ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. 1956ರ ನವೆಂಬರ್ 1ರಂದು, ಕನ್ನಡನಾಡು ಒಂದಾದ ಅದೇ ದಿನ, ಆ ದ್ವೀಪಗಳು ಬೇರೆಯಾಗಿ ಕೇಂದ್ರಾಡಳಿತ ಪ್ರದೇಶದಲ್ಲಿ ಸೇರಿದವು. ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ. ಹಳೆಯ ಬಂದರಿನಿಂದ ಮಂಜಿಗಳಲ್ಲಿ ದಿನಸಿ, ತರಕಾರಿ, ಕಟ್ಟಡದ ಸಾಮಾನು ಹೋಗುವ ಸಂಬಂಧ ಆಮೇಲೂ ಉಳಿಯಿತು. ಮಕ್ಕಳಿಗೆ ಇದನ್ನು ಹಡಗಿನ ಮೇಲೆ ನಿಂತು ಹೇಳಿದರೆ ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ನಾಟುತ್ತದೆ.

ಸಿಂಗಪುರ ಮೊದಲಾದ ವಿದೇಶೀ ಬಂದರುಗಳಿಂದ ಹೊರಡುವವರಿಗೆ ಮೂರೇ ಸೂಚನೆ. ಪಾಸ್‌ಪೋರ್ಟಿಗೆ ಆರು ತಿಂಗಳಿಗಿಂತ ಹೆಚ್ಚಿನ ಅವಧಿ ಉಳಿದಿರಲಿ. ಹಡಗು ಹೊರಟ ದೇಶಕ್ಕೇ ಮರಳಿ ಬರುವುದರಿಂದ ಹಲವು ಸಲ ಪ್ರವೇಶಿಸುವ ವೀಸಾ ಇದೆಯೇ ನೋಡಿರಿ. ಪ್ರವಾಸದ ವಿಮೆ ಮಾಡಿಸಿರಿ. ಹಡಗಿನ ಡಾಕ್ಟರರ ಬಿಲ್ಲು ಹಗುರವಾದುದಲ್ಲ. ಪ್ಯಾಕೇಜಿನ ಮೇಲೆ ಹಿಡಿಯುವ ಟಿ.ಸಿ.ಎಸ್. ನಷ್ಟವಲ್ಲ, ನಿಮ್ಮ ಪಾನ್ ನಂಬರಿಗೆ ಜಮೆಯಾಗುತ್ತದೆ. ಆದಾಯ ತೆರಿಗೆಯ ರಿಟರ್ನಿನಲ್ಲಿ ಅದನ್ನು ಹೊಂದಿಸಿಕೊಳ್ಳಲು ಮರೆಯಬೇಡಿ.

ಕಟ್ಟಕಡೆಗೆ ಒಂದು ವಿಜ್ಞಾಪನೆ. ಮನೆಯಲ್ಲಿ ಹಿರಿಯರಿದ್ದರೆ, ಅವರ ಕಾಲು ಮೆಟ್ಟಿಲಿನ ಮಾತು ಕೇಳುತ್ತಿರುವಾಗಲೇ ಕರೆದೊಯ್ಯಿರಿ. 'ನಮಗೇಕಪ್ಪಾ ಇಷ್ಟೊಂದು ಖರ್ಚು' ಎಂದು ಅವರು ಹೇಳಿಯೇ ಹೇಳುತ್ತಾರೆ. ಜೀವಮಾನವೆಲ್ಲ ನಮ್ಮ ಫೀಸು ಕಟ್ಟುವಾಗ ಅವರು ನಮ್ಮನ್ನು ಆ ಪ್ರಶ್ನೆ ಕೇಳಲಿಲ್ಲ. ಒಬ್ಬೊಬ್ಬರೇ ಹೋಗಲು ಅಳುಕುವವರು ನಾಲ್ಕೈದು ಕುಟುಂಬ ಕೂಡಿ ಹೋದರೆ ಗುಂಪಿನ ದರವನ್ನು ಕೇಳಬಹುದು, ಜೊತೆಯೂ ಆಗುತ್ತದೆ. ಹಾಗೆ ಹೋಗುವ ಇಚ್ಛೆಯುಳ್ಳವರು ಚಹದ ವಿರಾಮದಲ್ಲಿ ನನಗೆ ಹೆಸರು ಕೊಡಬಹುದು. ಕಾಗದಪತ್ರಗಳನ್ನು ಸರಿಯಾಗಿ ಓದಿ ಹೇಳುವ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ.