ಎಲೆಗಳ ತಾರತಮ್ಯ

ಅಮೆರಿಕದ ಮಿಸಿಸಿಪಿ ನದಿಯ ಸೀಮೆಯಲ್ಲಿ 19ನೆಯ ಶತಮಾನದ ಆದಿಭಾಗದಲ್ಲಿ ಬೆಳೆದ ಪೋಕರ್ ಎಂಬ ಇಸ್ಪೀಟಿನಾಟವನ್ನು ಕೇಳುಗರಲ್ಲಿ ಕೆಲವರಾದರೂ ಬಲ್ಲರು. ಅದರಲ್ಲಿ ಒಂದೇ ಜಾತಿಯ ಐದೆಲೆಗಳು, ಎಂದರೆ ‘ಫ್ಲಷ್’, ಅನುಕ್ರಮವಾಗಿ ಬಂದ ಐದೆಲೆಗಳನ್ನು, ಎಂದರೆ ‘ಸ್ಟ್ರೈಟ್’ ಅನ್ನು, ಸೋಲಿಸುತ್ತವೆ. ಏತಕ್ಕೆ? ಯಾವನೋ ಜೂಜುಗಾರನು ಮನಬಂದಂತೆ ಮಾಡಿದ ಕಟ್ಟಳೆಯೆಂದು ಆಡುವವರಲ್ಲಿಯೇ ಅನೇಕರ ಎಣಿಕೆ. ಆದರೆ ಅಪರೂಪವಾದುದು ಮೇಲು, ಸುಲಭವಾಗಿ ದೊರೆಯುವುದು ಕೀಳು ಎಂಬುದೊಂದೇ ಇಲ್ಲಿಯ ಕಟ್ಟಳೆ.

ಈ ಅಪರೂಪವನ್ನು ಅಳೆಯುವ ಸೂತ್ರವು ನಮಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ಹೇಳಿದ್ದಾನೆ, ಅವನ ಉದಾಹರಣೆಯಲ್ಲಿ ಎಲೆಗಳಿಗೆ ಬದಲಾಗಿ ಷಡ್ರಸಗಳಿವೆ. ಆ ಕ್ರಮದಂತೆ 52, 51, 50, 49, 48 ಇವುಗಳನ್ನು ಗುಣಿಸಿ, ಒಂದರಿಂದ ಐದರವರೆಗಿನ ಗುಣಲಬ್ಧದಿಂದ ಭಾಗಿಸಿದರೆ 25,98,960 ಬರುತ್ತದೆ. ಐದೆಲೆಗಳು ಇಷ್ಟು ಬಗೆಯಾಗಿ ಕೈಸೇರಬಹುದು. ಇವುಗಳಲ್ಲಿ ಫ್ಲಷ್ 5,108, ಸ್ಟ್ರೈಟ್ 10,200. ಒಂದೇ ಬೆಲೆಯ ನಾಲ್ಕೆಲೆಗಳು ಕೂಡಿದ ಕೈ 624 ಮಾತ್ರ. ಏನೂ ಕೂಡಿಬರದ ಕೈಗಳಾದರೋ 13,02,540, ಅರ್ಧಕ್ಕಿಂತ ತುಸು ಹೆಚ್ಚು!

ಇನ್ನು ನಮ್ಮಲ್ಲಿ ಹಬ್ಬದ ದಿನಗಳಲ್ಲಿ ಆಡುವ ಮೂರೆಲೆಯಾಟಕ್ಕೆ, ಎಂದರೆ ತೀನ್ ಪತ್ತಿಗೆ, ಬಂದರೆ ಸೋಜಿಗವೊಂದು ಕಾಣುವುದು. ಅಲ್ಲಿ ಅನುಕ್ರಮವೇ ಒಂದೇ ಜಾತಿಯ ಎಲೆಗಳನ್ನು ಗೆಲ್ಲುತ್ತದೆ. ಲೆಕ್ಕವೂ ಹಾಗೆಯೇ: ಒಟ್ಟು 22,100 ಕೈಗಳಲ್ಲಿ ಅನುಕ್ರಮ 720, ಒಂದೇ ಜಾತಿಯವು 1,096. ಅನುಕ್ರಮಕ್ಕೆ ಒಂದೊಂದು ಎಲೆ ಕೂಡಿದಂತೆಲ್ಲ ಆ ಎಲೆಯು ನಾಲ್ಕು ಜಾತಿಗಳಲ್ಲಿ ಯಾವುದಾದರೂ ಆಗಬಹುದಾದುದರಿಂದ ಅದರ ಬಗೆಗಳು ಸುಮಾರು ನಾಲ್ಮಡಿಯಾಗಿ ಬೆಳೆಯುತ್ತವೆ. ಫ್ಲಷ್ಷಿಗೆ ಆ ಸ್ವಾತಂತ್ರ್ಯವಿಲ್ಲ. ಆದಕಾರಣ ಮೂರೆಲೆಗಳಲ್ಲಿ ವಿರಳವಾಗಿದ್ದ ಅನುಕ್ರಮವು ಐದೆಲೆಗಳಲ್ಲಿ ಅಗ್ಗವಾಯಿತು. ಒಂದು ಕಡೆ ಮಾತ್ರ ನಮ್ಮ ರೂಢಿಯು ಗಣಿತಕ್ಕೆ ತಲೆಬಾಗಿಲ್ಲ. ಮೂರು ಎಕ್ಕ, ಮೂರು ರಾಜ ಮೊದಲಾದ ಸಮಾನ ತ್ರಯಗಳು 52. ಒಂದೇ ಜಾತಿಯ ಅನುಕ್ರಮಗಳು 48. ಆದರೂ ತ್ರಯಕ್ಕೇ ಅಗ್ರಪೀಠ! ಮೂರು ಎಕ್ಕಗಳನ್ನು ಹಿಡಿದವನಿಗೆ ಸೋಲನ್ನು ವಿಧಿಸಲು ಯಾರಿಗೂ ಮನಸ್ಸು ಬಾರದೆಂದು ತೋರುತ್ತದೆ.

ಹಣವು ಕರಗುವುದು ಬೇರೊಂದು ಲೆಕ್ಕದಲ್ಲಿ. ಒಂದೆಲೆಯನ್ನು ಬಿಟ್ಟು ಇನ್ನೊಂದನ್ನು ಎಳೆಯುವ ಪೋಕರಿನಲ್ಲಿ, ಒಂದೇ ಜಾತಿಯ ನಾಲ್ಕೆಲೆಗಳುಳ್ಳವನು ಐದನೆಯದನ್ನು ಬಯಸುತ್ತಾನೆನ್ನಿ. ಅವನು ಕಾಣದ 47 ಎಲೆಗಳಲ್ಲಿ ಅವನಿಗೆ ಬೇಕಾದವು 9, ಬೇಡವಾದವು 38. ಮುಂದಿನ ಪಂತಗಳನ್ನು ಬಿಟ್ಟರೆ, ತಾನು ಹಾಕುವ ಒಂದು ರೂಪಾಯಿಗೆ ಎದುರಾಗಿ ಸುಮಾರು ನಾಲ್ಕೂಕಾಲು ರೂಪಾಯಿ ಪಣದಲ್ಲಿದ್ದಾಗಲೇ ಅವನ ಆಸೆಯು ಸಮದೂಗುವುದು. ಐದು, ಆರು, ಎಂಟು, ಒಂಬತ್ತನ್ನು ಹಿಡಿದು ನಡುವಣ ಏಳಕ್ಕಾಗಿ ಕಾದವನ ಪಾಡು ಇನ್ನೂ ಕಠಿನ: ಅನುಕೂಲ 4, ಪ್ರತಿಕೂಲ 43. ಅವನ ರೂಪಾಯಿಗೆ ಎದುರಾಗಿ ಹತ್ತೂಮುಕ್ಕಾಲು ಇರಬೇಕು. ಮೂರು ನಾಲ್ಕು ರೂಪಾಯಿಗಳಿದ್ದರೂ ಅವನು ಎಲೆಯನ್ನು ಎಳೆಯದೆ ಬಿಡನು. ಮೇಜಿನ ಆಚೆ ಕುಳಿತ ಜಾಣನ ಜೀವನವು ನಡೆಯುವುದು ಆ ಏಳರಿಂದಲೇ.